ಕೆಳಗಿನ ಮನೆಗೆ ಹೋದ ಕೆಮಿಸ್ಟ್ರಿ

ನಮ್ಮ ಮನೆಯಲ್ಲಿ ಹೋಂವರ್ಕ್ ಎಂದರೆ ನನ್ನ ಇಲಾಖೆ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಹಬ್ಬಕ್ಕೆ ಊರಿಗೆ ಹೋಗಲು ಬಸ್ ಟಿಕೆಟ್ ಮಾಡಿಸುವುದು ನನ್ನ ಗಂಡನದು. ಮಗಳ ಪ್ರಶ್ನೆಗಳು ಮಾತ್ರ ನನ್ನವು. ಒಂದನೇ ಕ್ಲಾಸಿನ ಕೂಡುವ ಲೆಕ್ಕದಿಂದ ಹಿಡಿದು ಪಿಯುಸಿಯ ಆವರ್ತ ಕೋಷ್ಟಕದವರೆಗೆ ಅವಳು ಪೆನ್ಸಿಲ್ ಕಚ್ಚಿಕೊಂಡು ಬಂದು ನಿಂತದ್ದು ನನ್ನ ಎದುರಿಗೇ. ನಾನೇನು ಕಡಿಮೆಯವಳಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವಳು. ಯಲಹಂಕದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಬ್ಯೂರೆಟ್ಟನ್ನು ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲಿ ಹಿಡಿಯಬೇಕೋ ಗೊತ್ತಿಲ್ಲದೆ ಬರುವ ಹುಡುಗರನ್ನು ವರ್ಷಗಟ್ಟಲೆ ತಿದ್ದಿ ಕಳಿಸಿದವಳು.

ನಾನು ಹೈಸ್ಕೂಲಿನವರೆಗೆ ಓದಿದ್ದು ಕನ್ನಡ ಮೀಡಿಯಂ. ನಮ್ಮ ಮಾಸ್ತರು ಪ್ರಮೇಯ ಸಾಧಿಸುವಾಗ ಮೊದಲು ‘ದತ್ತ’ ಎಂದು ಬರೆಸುತ್ತಿದ್ದರು. ಅಂದರೆ ಪ್ರಶ್ನೆಯಲ್ಲಿ ಕೊಟ್ಟಿರುವುದೇನು ಎಂದು. ಅದರ ಕೆಳಗೆ ‘ಸಾಧನೀಯ’. ಅಂದರೆ ತೋರಿಸಬೇಕಾದದ್ದೇನು ಎಂದು. ಇವೆರಡನ್ನೂ ಬರೆಯದೆ ಮುಂದಕ್ಕೆ ಹೋದವನ ಬೆರಳಿನ ಗೆಣ್ಣಿಗೆ ಸ್ಕೇಲಿನ ಏಟು. ಆ ಅಭ್ಯಾಸ ನನಗೆ ಹೋಗಲಿಲ್ಲ. ಮಗಳು ಇಂಗ್ಲಿಷ್ ಮೀಡಿಯಮ್ಮಿನವಳಾದರೂ ಅವಳ ರಫ್ ಹಾಳೆಗಳ ಮೇಲೆಲ್ಲ ನನ್ನ ಅಕ್ಷರದಲ್ಲಿ ದತ್ತ, ಸಾಧನೀಯ ಇದ್ದೇ ಇರುತ್ತಿತ್ತು. ಲೆಕ್ಕಕ್ಕೆ ಮಾತ್ರ ಅಲ್ಲ, ಸಂವಿಧಾನದ ಮೂಲಭೂತ ಹಕ್ಕುಗಳ ಪ್ರಶ್ನೆಗೂ ನಾನು ಹಾಗೆಯೇ ಶುರು ಮಾಡುತ್ತಿದ್ದೆ. ಅವಳು ಪ್ರಶ್ನೆಯನ್ನು ಅರ್ಧ ಓದುವಷ್ಟರಲ್ಲಿ ಪೆನ್ಸಿಲ್ ನನ್ನ ಕೈಗೆ ಬಂದಿರುತ್ತಿತ್ತು. ಗೊತ್ತಿದ್ದವರು ಮತ್ತೇನು ಮಾಡುತ್ತಾರೆ?

ಎಡವಟ್ಟಾದದ್ದು ಅವಳು ಬಿ.ಎಸ್ಸಿ. ಸೇರಿದ ಮೇಲೆ. ವಿಜ್ಞಾನ ಓದುವವರೂ ಬೇರೆ ವಿಭಾಗದ್ದೊಂದು ವಿಷಯ ತೆಗೆದುಕೊಳ್ಳಬೇಕು ಎಂದು ಅವರ ಕಾಲೇಜಿನಲ್ಲಿ ಹೇಳಿದರಂತೆ. ಇವಳು ಕಾಮರ್ಸಿನವರ ಅಕೌಂಟ್ಸ್ ತೆಗೆದುಕೊಂಡಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೊದಲನೇ ಹೋಂವರ್ಕ್ ಬಂದ ದಿನ ನಾನು ಸೋಫಾ ಮೇಲೆ ಅಣಿಯಾಗಿ ಕೂತಿದ್ದೆ. ಅವಳು ಪುಸ್ತಕ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?”

“ಕೆಳಗೆ, ಆಂಟಿ ಮನೆಗೆ. ಅಕೌಂಟ್ಸ್ ಪ್ರಾಬ್ಲಂ ಇದೆ.”

ಆಂಟಿ ಎಂದರೆ ನಮ್ಮ ಮನೆ ಓನರ್ ಹೆಂಡತಿ. ನಾವಿರುವುದು ಜಕ್ಕೂರಿನ ಹಳೇ ಊರೊಳಗೆ, ಮೊದಲನೇ ಮಹಡಿಯಲ್ಲಿ. ಅವರು ನೆಲಮಹಡಿಯಲ್ಲಿ. ಇಲ್ಲಿಯೇ ಹುಟ್ಟಿ, ಇದೇ ಬೀದಿಗೆ ಸೊಸೆಯಾಗಿ ಬಂದವರು. ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸುವ ಹೊತ್ತಿಗೆ ಮದುವೆಯಾಯಿತು ಎಂದು ಒಮ್ಮೆ ಹೇಳಿದ್ದರು. ಮೂರು ಮಹಡಿಯ ಬಾಡಿಗೆ, ನೀರಿನ ಟ್ಯಾಂಕರು, ಲಿಫ್ಟ್ ರಿಪೇರಿ ಎಲ್ಲ ಅವರ ಕೈಯಲ್ಲೇ. ಸರಿ, ಲೆಕ್ಕ ಚೆನ್ನಾಗಿ ಬರುತ್ತದೆ, ಡೆಬಿಟ್ಟು ಕ್ರೆಡಿಟ್ಟು ನನಗಂತೂ ತಿಳಿಯದು, ಹೋಗಲಿ ಎಂದು ಸುಮ್ಮನಾದೆ. ಒಂದು ವಿಷಯ ತಾನೆ.

ಒಂದು ವಿಷಯಕ್ಕೆ ನಿಲ್ಲಲಿಲ್ಲ. ಅಕೌಂಟ್ಸಿನ ಹಿಂದೆ ಸ್ಟಾಟಿಸ್ಟಿಕ್ಸ್ ಮೆಟ್ಟಿಲಿಳಿಯಿತು. ಅದರ ಹಿಂದೆ ಪರಿಸರ ಅಧ್ಯಯನ. ಕನ್ನಡ ಪ್ರಬಂಧ ಕೂಡ ಕೆಳಗೇ ಬರೆದು ಬಂದಳು, ನಾನು ಧಾರವಾಡದವಳು ಮನೆಯಲ್ಲಿ ಜೀವಂತ ಇರುವಾಗ. ಸಂಜೆ ಕಾಲೇಜಿನಿಂದ ಬಂದು ಕಾಫಿ ಕುಡಿದವಳೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರೆ ಕುಕ್ಕರ್ ಕೂಗುವವರೆಗೆ ಪತ್ತೆ ಇಲ್ಲ. ಕೆಳಗಿನಿಂದ ನಗು ಬೇರೆ ಕೇಳುತ್ತಿತ್ತು. ಪರಿಸರ ಅಧ್ಯಯನದಲ್ಲಿ ನಗುವಂಥದ್ದೇನಿದೆ?

ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ. ಆ ಹೆಂಗಸಿನ ಮೇಲೆ, ಅವರ ಪಿಯುಸಿಯ ಮೇಲೆ, ಅವರ ಜಗಲಿಯಲ್ಲಿ ರಾಶಿ ಬಿದ್ದಿರುತ್ತಿದ್ದ ಅವರೆಕಾಯಿಯ ಮೇಲೆ ಕೂಡ. ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ “ಕಾಲೇಜ್ಗಾ ಮೇಡಂ?” ಎಂದರೆ ಗೇಟಿನ ಕಡೆ ನೋಡಿಕೊಂಡೇ ಹೂಂ ಎಂದು ಹೊರಡುತ್ತಿದ್ದೆ. ಲ್ಯಾಬಿನಲ್ಲಿ ಯಾರ ಮಕ್ಕಳೋ “ಮ್ಯಾಮ್, ಮ್ಯಾಮ್” ಎಂದು ಹಿಂದೆ ಬೀಳುತ್ತಾರೆ. ನನ್ನ ಮಗಳು ಮಾತ್ರ ನನ್ನನ್ನು ಒಂದು ಪ್ರಶ್ನೆಯೂ ಕೇಳದೆ ಅರ್ಧ ಸೆಮಿಸ್ಟರ್ ಮುಗಿಸಿದ್ದಳು.

ಗಂಡನ ಹತ್ತಿರ ಹೇಳಿಕೊಂಡೆ. ಅವರು ಪೀಣ್ಯದ ಫ್ಯಾಕ್ಟರಿಯಿಂದ ದಾಸರಹಳ್ಳಿಯ ಟ್ರಾಫಿಕ್ಕಿನಲ್ಲಿ ಜೀವ ತೇಯ್ದು ಆಗ ತಾನೆ ಬಂದಿದ್ದರು.

“ಆಕಿ ಕೆಳಗ ಓದಿದ್ರೇನು, ಮ್ಯಾಲ ಓದಿದ್ರೇನು? ಮಾರ್ಕ್ಸ್ ಬರಾಕತ್ತಾವಲ್ಲ.”

“ಮಾರ್ಕ್ಸ್ ಯಾರು ಕೇಳಿದ್ರು?”

“ಮತ್ತೇನ್ ಬೇಕು ನಿನಗ?”

ತಟ್ಟೆ ಹಾಕಲು ಎದ್ದೆ.

ಆಮೇಲೆ ಆ ಗುರುವಾರ ಬಂತು. ಅವತ್ತು ನನಗೆ ಲ್ಯಾಬ್ ಬೇಗ ಮುಗಿದು, ನಾಲ್ಕಕ್ಕೆಲ್ಲ ಮನೆಯಲ್ಲಿದ್ದೆ. ಮಗಳು ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಮೇಲಿನ ಹಾಳೆಯಲ್ಲಿದ್ದದ್ದು ಟೈಟ್ರೇಶನ್ ಪ್ರಶ್ನೆ. ಇಷ್ಟು ಆಮ್ಲ, ಇಷ್ಟು ಕ್ಷಾರ, ಸೂಚಕ ಯಾವುದು, ಬಣ್ಣ ಬದಲಾಗುವುದೇಕೆ. ನನ್ನ ಕೆಮಿಸ್ಟ್ರಿ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅವಳು ಆ ಹಾಳೆಯನ್ನೂ ಬ್ಯಾಗಿಗೆ ತುರುಕಿ, “ಬರ್ತೀನಮ್ಮ” ಎಂದು ಮೆಟ್ಟಿಲಿಳಿದು ಹೋದಳು.

ಮೈಯೆಲ್ಲ ಬೆಂಕಿಯಾಯಿತು. ಅಕೌಂಟ್ಸ್ ಬಿಟ್ಟುಕೊಟ್ಟೆ, ಪ್ರಬಂಧ ಬಿಟ್ಟುಕೊಟ್ಟೆ. ಇನ್ನು ಇದನ್ನೂ ಬಿಟ್ಟುಕೊಟ್ಟರೆ ಈ ಮನೆಯಲ್ಲಿ ನಾನು ಇರುವುದು ಚಪಾತಿ ಲಟ್ಟಿಸುವುದಕ್ಕೇ ಎಂದಾಯಿತು. ಪಿಯುಸಿ ಕಾಮರ್ಸಿನವರು ಅದೇನು ಟೈಟ್ರೇಶನ್ ಹೇಳಿಕೊಡುತ್ತಾರೋ ನೋಡಿಯೇ ಬಿಡೋಣ ಎನ್ನಿಸಿತು. ಹೋಗುವುದಕ್ಕೆ ನೆಪ ಬೇಕಲ್ಲ. ಸಂಕ್ರಾಂತಿಗೆ ಅವರು ಎಳ್ಳು ಬೀರಿ ಕೊಟ್ಟಿದ್ದ ಸ್ಟೀಲ್ ಡಬ್ಬಿ ನಮ್ಮಲ್ಲೇ ಇತ್ತು. ಬರಿ ಡಬ್ಬಿ ವಾಪಸ್ ಕೊಡುವ ಪದ್ಧತಿ ಇಲ್ಲ. ಊರಿನಿಂದ ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಅದಕ್ಕೆ ತುಂಬಿದೆ. ಕೋಪದಲ್ಲಿ ಒತ್ತಿ ಒತ್ತಿ ತುಂಬಿದ್ದಕ್ಕೆ ನಮಗೇ ಉಳಿಯಲಿಲ್ಲ.

ಕೆಳಗಿನ ಜಗಲಿಗೆ ಬರುವಾಗಲೇ ಮಗಳ ದನಿ ಕೇಳಿಸಿತು.

“ಮೊದ್ಲು ದತ್ತ ಬರ್ಕೋಬೇಕು ಆಂಟಿ. ದತ್ತ ಅಂದ್ರೆ ಏನ್ ಕೊಟ್ಟಿದಾರೆ ಅಂತ.”

“ಊಂ. ಆಮೇಕೆ?”

“ಆಮೇಲೆ ಏನ್ ಕಂಡ್ಹಿಡೀಬೇಕು ಅಂತ. ಈಗ ಇದಕ್ಕೆ ಇಂಡಿಕೇಟರ್ ಹಾಕ್ತೀವಿ. ಬಣ್ಣ ಬದಲಾಗತ್ತೆ.”

“ಅದ್ಯಾಕ್ ಬದಲಾಯ್ತದೆ?”

“ಆರತಿ ನೀರು ಮಾಡಲ್ವಾ ಆಂಟಿ? ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಹಂಗೇ. ಸುಣ್ಣ ಕ್ಷಾರ. ಅರಿಶಿನ ಇಂಡಿಕೇಟರ್. ಅದಕ್ಕೇ ನಿಂಬೆಹಣ್ಣು ಹಿಂಡಿದ್ರೆ ತಿರುಗಾ ಹಳದಿ ಆಗೋಗತ್ತೆ.”

“ಔದಾ? ನಾಳೇನೇ ಮಾಡಿ ನೋಡ್ತೀನಿ ತಡಿ.”

ಆರತಿ ನೀರು ನನ್ನದು. ಪ್ರತಿ ವರ್ಷ ಹೊಸ ಬ್ಯಾಚಿಗೆ ಮೊದಲನೇ ಪ್ರಾಕ್ಟಿಕಲ್ ದಿನ ನಾನು ಕೊಡುವ ಉದಾಹರಣೆ. ದತ್ತ ನನ್ನದು. “ಹಂಗೇ” ಎಂದು ಎಡಗೈ ಎತ್ತುವುದು ಕೂಡ ನನ್ನದೇ. ಅಷ್ಟನ್ನೂ ಎತ್ತಿಕೊಂಡು ಹೋಗಿ ಅವಳು ಕೆಳಗಿನ ಮನೆಯಲ್ಲಿ ಹಂಚುತ್ತಿದ್ದಳು. ಆಂಟಿ ನೆಲದ ಮೇಲೆ ಕಾಲು ಚಾಚಿ, ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುತ್ತಾ, ಕಣ್ಣರಳಿಸಿಕೊಂಡು ಕೇಳುತ್ತಿದ್ದರು. ಮಗಳು ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಮುಖ ಹಚ್ಚಿಟ್ಟ ದೀಪದ ಹಾಗಿತ್ತು. ಹೋಂವರ್ಕಿನ ಮುಂದೆ ಅವಳ ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ಆಂಟಿಗೆ ನಾನು ಕಂಡೆ.

“ಬನ್ನಿ ಮೇಡಂ, ಇಂಗ್ ಕೂತ್ಕಳಿ. ಎಂಗ್ ಏಳ್ಕೊಡ್ತಾಳೆ ಅಂತೀರಿ ನಿಮ್ ಮಗಳು. ನಂಗೆ ಒಂದಕ್ಸರ ಗೊತ್ತಿಲ್ಲ, ಆದ್ರೂ ತಲೇಗೋಯ್ತದೆ. ಪಿಯುಸೀಲಿ ನಂಗೆ ಇಂಗ್ ಏಳ್ಕೊಡೋರಿದ್ದಿದ್ರೆ ಪಾಸಾಗ್ತಿದ್ದೆ ಕಣ್ರಿ. ಏಳು ಮಗಾ, ನಿಮ್ಮಮ್ಮನೂ ಕೇಳ್ಲಿ.”

ಮಗಳು ನನ್ನ ಕಡೆ ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

“ಅಮ್ಮಂಗೆ ಇದೆಲ್ಲ ಗೊತ್ತು ಆಂಟಿ.”

ಅಷ್ಟೇ. ಪಾಠ ನಿಂತಿತು. ನಾನು ಡಬ್ಬಿ ಕೊಟ್ಟು, ಚಟ್ನಿಪುಡಿ ಖಾರ ಇದೆ ಅಕ್ಕಾರ, ಮೊಸರು ಕಲಸಿಕೊಳ್ಳಿ ಎಂದು ಏನೋ ಹೇಳಿ ಮೇಲೆ ಬಂದೆ. ಜಕ್ಕೂರಿನ ಪೈಲಟ್ ಶಾಲೆಯ ತರಬೇತಿ ವಿಮಾನವೊಂದು ಮನೆಯ ಮೇಲೆ ಗುಂಯ್ಗುಟ್ಟುತ್ತಾ ಸುತ್ತು ಹೊಡೆಯುತ್ತಿತ್ತು. ಅಲ್ಲಿಯವರೆಗೆ ಆ ಹೆಂಗಸು ನನ್ನ ಮಗಳಿಗೆ ಉತ್ತರ ಹೇಳುತ್ತಾರೆಂದು ಹೊಟ್ಟೆ ಉರಿದುಕೊಂಡಿದ್ದೆ. ಈಗ ಅವರಿಗೆ ಏನೂ ಗೊತ್ತಿಲ್ಲವೆಂದು ತಿಳಿದ ಮೇಲೆ ಉರಿ ಇಮ್ಮಡಿಯಾಯಿತು. ಗೊತ್ತಿಲ್ಲದೆ ಕೂತು ಕೇಳುವ ಆ ಜಾಗ ಅವರಿಗೆ ಎಷ್ಟು ಸುಲಭವಾಗಿ ಸಿಕ್ಕಿತ್ತು. ಎಂ.ಎಸ್ಸಿ. ಮಾಡಿದ ನನಗೆ ಅದು ಸಿಗುವ ಹಾಗೇ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ನಟಿಸಿ ನೋಡಿದೆ. “ಅಲ್ಲೇ, ಆಮ್ಲಕ್ಕೂ ಕ್ಷಾರಕ್ಕೂ ಏನು ವ್ಯತ್ಯಾಸ?” ಎಂದೆ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ದಿಟ್ಟಿಸಿದಳು. “ಏನಮ್ಮ, ಟೆಸ್ಟ್ ಮಾಡ್ತಿದ್ದೀಯಾ?” ಎಂದಳು. ಗಂಡ ತಟ್ಟೆಯೊಳಗೆ ಮುಖ ಹಾಕಿ ನಕ್ಕರು.

ಭಾನುವಾರ ಯಲಹಂಕದ ಸಂತೆಯಿಂದ ಅವರೆಕಾಯಿ ತಂದೆ. ನಮ್ಮ ಕಡೆ ಅವರೆಕಾಳನ್ನು ಸಿಪ್ಪೆ ಸಮೇತ ಬೇಯಿಸಿ ತಿನ್ನುವವರೇ ಹೊರತು ಒಂದೊಂದನ್ನೂ ಕೆಳಗಿನವರ ಹಾಗೆ ಹಿಸುಕುವ ತಾಳ್ಮೆ ಯಾರಿಗೂ ಇಲ್ಲ. ಕಾಯಿ ಸುಲಿದು, ಕಾಳು ನೆನೆಸಿ, ಸಂಜೆ ಟಿವಿಯ ಎದುರು ನೆಲದ ಮೇಲೆ ಕಾಲು ಚಾಚಿ ಕೂತೆ. ಒತ್ತಿದ ಮೊದಲನೇ ಕಾಳು ಚಿಮ್ಮಿ ಟಿವಿಗೆ ಬಡಿಯಿತು. ಎರಡನೆಯದು ಬೆರಳಲ್ಲೇ ಜಜ್ಜಿಹೋಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿದ್ದ ಮಗಳು ಬಾಗಿಲಲ್ಲಿ ನಿಂತು ನೋಡಿದಳು.

“ಹಂಗಲ್ಲಮ್ಮ. ಕೊಡು ಇಲ್ಲಿ. ತುದಿ ಮೇಲೆ ಬರೋ ಹಂಗೆ ಹಿಡ್ಕೊಂಡು ಹಿಂದ್ಗಡೆಯಿಂದ ಒತ್ತಬೇಕು.”

ಬ್ಯಾಗು ಕೆಳಗಿಟ್ಟು ಎದುರಿಗೆ ಕೂತಳು. ಅವಳ ಬೆರಳಲ್ಲಿ ಬೇಳೆ ಸಲೀಸಾಗಿ ಜಾರಿ ಪಾತ್ರೆಗೆ ಬಿತ್ತು. ಸ್ವಲ್ಪ ಹೊತ್ತು ಇಬ್ಬರೂ ಹಿಸುಕಿದೆವು. ನಾಳೆಯ ಹೋಂವರ್ಕ್ ಏನು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ ಎಂದು ನನಗೇ ಗೊತ್ತು. ಕೊನೆಗೆ ಅವಳೇ ಶುರು ಮಾಡಿದಳು. ಒಬ್ಬ ಮನುಷ್ಯ ಸ್ವಂತ ದುಡ್ಡು ಹಾಕಿ ಅಂಗಡಿ ಇಡುತ್ತಾನೆ, ಆ ಬಂಡವಾಳವನ್ನು ಅಂಗಡಿಯ ಸಾಲಗಳ ಕಡೆ ಬರೆಯುವುದೇಕೆ ಎಂಬ ಪ್ರಶ್ನೆ.

“ಸಾಲ ಹೆಂಗ ಆಗ್ತದ? ರೊಕ್ಕ ಅವಂದು, ಅಂಗಡೀನೂ ಅವಂದ,” ಎಂದೆ. ಇದು ನಟನೆಯಲ್ಲ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

ಅವಳ ಎಡಗೈ ಮೇಲೆದ್ದಿತು. “ಇಲ್ಲಮ್ಮ. ಲೆಕ್ಕದಲ್ಲಿ ಅವನು ಬೇರೆ, ಅಂಗಡಿ ಬೇರೆ. ಹಾಕಿದ್ದು ಅವನೇ, ಆದ್ರೆ ಹಾಕಿದ್ಮೇಲೆ ಅಂಗಡಿ ಅವನಲ್ಲ. ಅಂಗಡಿನ ಬೇರೆಯವರ ತರ ನೋಡ್ಬೇಕು.”

“ಅಂವನ ಇಟ್ಟ ಅಂಗಡಿ, ಅಂವಗ ಬೇರೆ ಹೆಂಗ ಆಗ್ತದವಾ?”

ಅವಳು ಮತ್ತೆ ವಿವರಿಸಿದಳು. ಕುರ್ಚಿಯ ಬದಲು ನೆಲದ ಮೇಲೆ ಕೂತಿದ್ದಳು ಅಷ್ಟೇ, ಮುಖ ಕೆಳಗಿನ ಮನೆಯಲ್ಲಿ ಕಂಡದ್ದೇ. ನನಗೆ ಮಾತ್ರ ಆ ಅಂಗಡಿಯವನ ಮೇಲೆ ಕನಿಕರ ಬರುತ್ತಿತ್ತು, ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ.

ಅವಳು ನಿಟ್ಟುಸಿರು ಬಿಟ್ಟಳು. “ನಿನ್ನೆ ಕೆಳಗಿನ ಆಂಟಿಗೆ ಒಂದೇ ಸಲಕ್ಕೆ ಅರ್ಥ ಆಯ್ತು, ಗೊತ್ತಾ?”

ಕೈಯಲ್ಲಿದ್ದ ಕಾಳು ಜಜ್ಜಿಹೋಯಿತು.

“ಆಗ್ಲಿ,” ಎಂದೆ. “ನನಗ ಇನ್ನೊಮ್ಮೆ ಹೇಳು.”