ಹುಣಸೆಮರಕ್ಕೆ ಎಳೆದ ಚೌಕ

ನಾನು ಮಾಡಿದ ಮೊದಲ ಕೆಲಸವೇ ವಾಪಸ್ ಬಂತು. ಮಳವಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೀರು ಎಳೆಯುತ್ತ ಬಂದವಳಿಗೆ, ಆ ಗೀರು ತನ್ನ ಮೇಲೇ ಬಿದ್ದರೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಒಂದು ಕರೆ ಬಂದಿತ್ತು. ಫೋಟೋ ನೋಡಿ ಹಕ್ಕಿಗಳನ್ನು ಎಣಿಸುವ ಕೃತಕ ಬುದ್ಧಿಮತ್ತೆಯೊಂದನ್ನು ಕೆಲವರು ಸೇರಿ ಕಟ್ಟುತ್ತಿದ್ದರು. ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಅದರ ಒಳಗನ್ನು ನೋಡಬಹುದು, ತಿದ್ದಬಹುದು, ಬಳಸಬಹುದು. ನಮ್ಮಂಥ ಸ್ವಯಂಸೇವಕರು ಫೋಟೋದಲ್ಲಿ ಹಕ್ಕಿ ಕಂಡ ಕಡೆ ಚೌಕ ಎಳೆದು, ಅದು ಯಾವ ಹಕ್ಕಿ ಎಂದು ಬರೆಯಬೇಕು. ಅಂಥ ಚೌಕಗಳನ್ನು ನೋಡಿ ನೋಡಿ ಯಂತ್ರ ಕಲಿಯುತ್ತದೆ. ಚಿತ್ರಗಳಲ್ಲಿ ಹೆಚ್ಚಿನವು ಕೊಕ್ಕರೆ ಬೆಳ್ಳೂರಿನವು ಅಂತ ಓದಿದ ಮೇಲೆ ನನಗೆ ಬೇರೆ ಕಾರಣ ಬೇಕಿರಲಿಲ್ಲ. ಅದು ನನ್ನ ತವರು. ಅವ್ವ ತೀರಿಕೊಂಡ ಮೇಲೆ ನಾನು ಅಲ್ಲಿಗೆ ಹೋಗುವುದೇ ಕಡಿಮೆಯಾಗಿತ್ತು. ಮದ್ದೂರಿನಲ್ಲಿ ಬಸ್ಸು ಬದಲಿಸಿದರೆ ಆಯಿತು, ದೂರವೇನಲ್ಲ. ಆದರೂ ಹೋಗುತ್ತಿರಲಿಲ್ಲ.

ಮೊದಲ ಚಿತ್ರದಲ್ಲಿ ಮರ ತುಂಬ ಕೊಕ್ಕರೆಗಳಿದ್ದವು. ನಾನು ಇಡೀ ಮರಕ್ಕೆ ಒಂದೇ ಚೌಕ ಎಳೆದು ಕಳಿಸಿದೆ. ನಮ್ಮೂರಿನಲ್ಲಿ ಕೊಕ್ಕರೆಯನ್ನು ಒಂದೊಂದಾಗಿ ಯಾರು ಲೆಕ್ಕಕ್ಕೆ ಹಿಡಿದಿದ್ದಾರೆ? ಅವರ ಮನೆ ಮರದವು, ನಮ್ಮ ಮನೆ ಮರದವು, ಅಷ್ಟೆ. ಕೆಲಸ ತಪಾಸಣೆ ಮಾಡುವ ಹುಡುಗಿ, ಯಾವ ಊರಿನವಳೋ ಇವತ್ತಿಗೂ ಗೊತ್ತಿಲ್ಲ, ಬಹಳ ಮರ್ಯಾದೆಯಿಂದ ಬರೆದಿದ್ದಳು: ದಯವಿಟ್ಟು ಒಂದು ಹಕ್ಕಿಗೆ ಒಂದು ಚೌಕ, ರೆಕ್ಕೆಗೆ ಅಂಟಿಕೊಂಡಂತೆ ಎಳೆಯಿರಿ, ಸುತ್ತ ಎಲೆಗಳು ಬರಬಾರದು. ನನ್ನ ಶಿಷ್ಯೆಯ ವಯಸ್ಸಿನವಳಿರಬೇಕು. ಒಂದು ದಿನವೆಲ್ಲ ಮುನಿಸಿಕೊಂಡಿದ್ದು, ಮಾರನೆಯ ದಿನ ತೆಪ್ಪಗೆ ಕೂತು ತಿದ್ದಿದೆ. ಎರಡನೆಯದೂ ವಾಪಸ್ ಬಂತು. ಮೂರನೆಯದೂ.

ಆದರೆ ಕೆಲಸ ಬಿಡಲು ಮನಸ್ಸಾಗಲಿಲ್ಲ. ಭಾನುವಾರ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತರೆ ಒಂದೊಂದೇ ಮರ ಬರುತ್ತಿತ್ತು. ನನಗೆ ಆಸೆ ಇದ್ದದ್ದು ಒಂದೇ ಮರದ ಮೇಲೆ, ನಮ್ಮ ಮನೆಯ ಹುಣಸೆಮರ. ಅದು ಈಗಿಲ್ಲ. ಅವ್ವ ಹೋದ ಮರುವರ್ಷ ಬಿರುಗಾಳಿಗೆ ಬಿತ್ತು. ಇದ್ದಾಗ ಅದರಲ್ಲಿ ಗೂಡು ತುಂಬಿರುತ್ತಿದ್ದರಿಂದ ಅವ್ವ ಒಂದು ಹಣ್ಣನ್ನೂ ಬಡಿಯಲು ಬಿಡುತ್ತಿರಲಿಲ್ಲ. “ಬಾಣಂತನಕ್ಕೆ ಬಂದಿರೋ ಎಣ್ಮಕ್ಳು ಕಣ್ಲಾ ಅವು, ದೊಣ್ಣೆ ಮಡಗು ಕೆಳಗೆ” ಅಂತ ನನ್ನ ತಮ್ಮನನ್ನು ಗದರುತ್ತಿದ್ದಳು. ಅಷ್ಟು ದೊಡ್ಡ ಮರ ಇಟ್ಟುಕೊಂಡು ನಾವು ಮದ್ದೂರು ಸಂತೆಯಿಂದ ಹುಣಸೆಹಣ್ಣು ತರುತ್ತಿದ್ದೆವು.

ಒಂದು ಭಾನುವಾರ ಆ ಮರ ಬಂತು. ಕವಲೊಡೆದ ಬುಡ, ಅದರ ಪಕ್ಕ ಸೀಳು ಬಿಟ್ಟ ಕಲ್ಲುಬಾನಿ, ಅನುಮಾನವೇ ಇಲ್ಲ. ಮೂಲೆಯಲ್ಲಿ, ಯಾರೋ ಹೊಸ ಸೀರೆ ಉಟ್ಟು, ಹುಬ್ಬಿಗೆ ಕೈ ಅಡ್ಡ ಇಟ್ಟು ನಿಂತಿದ್ದರು. ಅವ್ವ. ದೊಡ್ಡದು ಮಾಡಿ ನೋಡಿದೆ. ಮುಖ ಒಡೆದು ಬಣ್ಣದ ಚುಕ್ಕೆಗಳಾಯಿತು. ಚಿಕ್ಕದು ಮಾಡಿದರೆ ಮತ್ತೆ ಅವ್ವ.

ಯೋಜನೆಯ ನಿಯಮ ನನಗೆ ಬಾಯಿಪಾಠವಾಗಿತ್ತು. ಚಿತ್ರದಲ್ಲಿ ಮನುಷ್ಯರಿದ್ದರೆ ಅವರ ಮೇಲೆ ಬೇರೆ ಬಣ್ಣದ ಚೌಕ ಎಳೆಯಬೇಕು. ಆ ಜಾಗವನ್ನು ಅಳಿಸಿಬಿಡುತ್ತಾರೆ. ನಾನು ಆ ಹುಡುಗಿಗೆ ಬರೆದೆ: ಇವರು ನನ್ನ ತಾಯಿ, ಈಗಿಲ್ಲ, ಅಳಿಸದೆ ಬಿಟ್ಟರೆ ಆಗದೆ? ಅವಳು ಉತ್ತರಿಸಿದಳು: ಮನೆಯವರು ನೀವೇ ಒಪ್ಪಿದರೆ ಬಿಡಬಹುದು. ಆದರೆ ಒಮ್ಮೆ ಹೊರಗೆ ಹೋದದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳುತ್ತಾರೆ, ಹಿಂದಕ್ಕೆ ಪಡೆಯಲು ಆಗುವುದಿಲ್ಲ.

ಬಿಡೋಣ ಅಂತಲೇ ಅಂದುಕೊಂಡೆ. ಕ್ಯಾಮೆರಾ ಹಿಡಿದು ಬಂದವರಿಗೆ ಅವ್ವ, “ಕೊಕ್ಕರೆ ಫೋಟೋ ತಕ್ಕಳಿ ಸ್ವಾಮಿ, ನನ್ ಮಕ ಯಾಕೆ ನಿಮ್ಗೆ” ಅಂತ ಸೆರಗು ಎಳೆದುಕೊಳ್ಳುತ್ತಿದ್ದಳು, ಅದು ನೆನಪಿತ್ತು. ಆದರೂ ಅವಳು ಎಲ್ಲಾದರೂ ಇರಲಿ, ಯಂತ್ರದ ಹೊಟ್ಟೆಯಲ್ಲಾದರೂ ಇರಲಿ ಅನ್ನಿಸಿತ್ತು. ನನ್ನ ಹತ್ತಿರ ಒಂದು ಪ್ರತಿ ಇಟ್ಟುಕೊಂಡು, ತಮ್ಮನಿಗೂ ಕಳಿಸಿ ಫೋನ್ ಮಾಡಿದೆ.

“ನೋಡ್ದ್ಯಾ? ಅವ್ವ ಎಂಗೆ ಕೊಕ್ಕರೆ ನೋಡ್ತಾ ನಿಂತವ್ಳೆ.”

ಅವನು ಫೋಟೋ ತೆರೆದು ನೋಡಿದ. ಆಮೇಲೆ ಹೇಳಿದ: “ಕೊಕ್ಕರೆ ನೋಡ್ತಿಲ್ಲ ಕಣಕ್ಕ. ಮರ ಅವ್ಳ ಬೆನ್ನಿಂದೆ ಐತೆ. ಬಸ್ ಬರೋ ದಾರಿ ನೋಡ್ತಾವ್ಳೆ. ಆ ಸೀರೆ ಯುಗಾದಿಗೆ ನಾನೇ ತಂದಿದ್ದು. ಉಟ್ಟಿದ್ದು ಒಂದೇ ಸಲ, ಹೊಸತೊಡಕಿನ್ ದಿನ, ನೀ ಬತ್ತೀಯ ಅಂತ.”

ಚಿತ್ರದ ಕೆಳಗಿದ್ದ ತಾರೀಖು ನೋಡಿದೆ. ಯುಗಾದಿಯ ಮಾರನೆಯ ದಿನ. ಬರುತ್ತೇನೆ ಅಂದಿದ್ದೆ. ಪರೀಕ್ಷೆಯ ಕೆಲಸ ಅಂತ ಉಳಿದುಬಿಟ್ಟೆ, ಹೋಗಲಿ, ಬೆಳಿಗ್ಗೆಯೇ ಒಂದು ಫೋನ್ ಮಾಡಬಹುದಿತ್ತು. ಮಾಡಿದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. “ಇವತ್ತು ಬರಕ್ಕಾಗ್ಲಿಲ್ಲ ಕಣವ್ವ” ಅಂದೆ. “ಆಯ್ತು ಬುಡವ್ವ. ಉಂಡ್ಯಾ?” ಅಂದಳು. ಎಷ್ಟು ಹೊತ್ತು ಕಾದಳು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮುಂದಿನ ಯುಗಾದಿಗೆ ಅವಳಿರಲಿಲ್ಲ.

ಎಲ್ಲೆಲ್ಲಿಂದಲೋ ಹಾರಿ ಬಂದವರು ಅವಳ ತಲೆಯ ಮೇಲೆ ಮರಿ ಮಾಡಿಕೊಂಡು ಕೂತಿದ್ದಾರೆ. ಮಳವಳ್ಳಿಯಿಂದ ಬರಬೇಕಾದವಳು ಬಂದಿಲ್ಲ. ಆ ನೋಟ ನನಗೆಂದು ಇದ್ದದ್ದು. ಅದನ್ನು ಊರಿಗೆಲ್ಲ ಹಂಚಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಕೊಕ್ಕರೆಗಳಿಗೆ ಒಂದೊಂದಾಗಿ ಚೌಕ ಎಳೆದೆ. ಕಡೆಗೆ ಬಣ್ಣ ಬದಲಿಸಿ ಅವ್ವನಿಗೆ ಎಳೆದೆ, ಸೆರಗಿಗೆ ಅಂಟಿಕೊಂಡಂತೆ, ಸುತ್ತ ಒಂದು ಎಲೆಯೂ ಬರದ ಹಾಗೆ. ಅಳುತ್ತಲೇ ಕಳಿಸಿದೆ. ಏನಾದರೂ ತಪ್ಪಿದೆ ಅಂತ ಆ ಹುಡುಗಿ ಹಿಂದಕ್ಕೆ ಕಳಿಸಲಿ, ಇನ್ನೊಂದು ಸಲ ತಿದ್ದುವ ನೆಪದಲ್ಲಿ ಅವ್ವನ ಮುಂದೆ ಕೂರೋಣ ಅಂತ ವಾರವೆಲ್ಲ ಕಾದೆ. ಅದೊಂದು ಮಾತ್ರ ಮೊದಲ ಸಲಕ್ಕೇ ಒಪ್ಪಿಗೆಯಾಯಿತು.