ಬಚ್ಚಲ ಹಿಂದಿನ ಜಂಗಮರು

ಮಳೆ ಹಿಡಿಯಿತೆಂದರೆ ನಮ್ಮ ರಾಣೆಬೆನ್ನೂರಿನ ಮನೆಯ ಬಚ್ಚಲ ಹಿಂದೆ ಒಂದು ವಾಸನೆ ಏಳುತ್ತದೆ. ಪಾಚಿ, ಕೊಳೆತ ಎಲೆ, ಸಾಬೂನಿನ ನೀರು ಎಲ್ಲ ಕೂಡಿದ ವಾಸನೆ. ಹೆಂಡತಿ ಮೂಗು ಮುಚ್ಚಿಕೊಳ್ಳುತ್ತಾಳೆ, ನಾನು ಮೂಗು ಅರಳಿಸುತ್ತೇನೆ. ಇವತ್ತು ಬೆಳಿಗ್ಗೆ ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಾಯಿಕೊಡೆಯ ಫೋಟೊ ತೆಗೆಯುತ್ತಿದ್ದಾಗ ಆಕೆ ಬಂದಳು.

"ಬಸವನ ಹುಳ ಎಲಿಬಳ್ಳಿ ತಿಂದು ತೇಗ್ಯಾವ. ಫೋಟೊ ಸಾಕ್ರಿ, ಔಷಧ ತರ್ರಿ."

ಔಷಧ ಎಂದೊಡನೆ ಬ್ಯಾಡಗಿಯ ಸೋದರತ್ತೆ ನೆನಪಾದರು. ಕಾಲೇಜು ಓದಲೆಂದು ನಾನು ಅವರ ಮನೆಯಲ್ಲಿದ್ದೆ. ಓದಿದ್ದು ಕಡಿಮೆ, ಬಚ್ಚಲ ಹಿಂದೆ ಕುಳಿತದ್ದೇ ಹೆಚ್ಚು. ಆ ಅಂಗೈಯಗಲದ ಕೆಸರಿನಲ್ಲಿ ಏನಿರಲಿಲ್ಲ ಹೇಳಿ! ಕಲ್ಲಿನ ಸಂದಿಯಲ್ಲಿ ಜರಿಗಿಡ, ಹಸಿ ಕಟ್ಟಿಗೆಯ ಮೇಲೆ ಕಿವಿಯಂತೆ ಎದ್ದ ಅಣಬೆ, ಕಲ್ಲೆತ್ತಿದರೆ ಬೈಯುವವರ ಹಾಗೆ ನೋಡುವ ಕಪ್ಪೆ. ನಡುವೆ ಅತ್ತೆ ತವರಿನಿಂದ ತಂದು ನೆಟ್ಟ ವೀಳ್ಯದೆಲೆಯ ಬಳ್ಳಿ.

ಆ ಎಲೆಗೆ ಇಬ್ಬರು ಹಕ್ಕುದಾರರು. ಊಟವಾದ ಮೇಲೆ ಮಾವ, ಊಟಕ್ಕೇ ಬಸವನ ಹುಳ. ಉಪ್ಪು ಬಿದ್ದರೆ ಹುಳ ಕರಗಿಹೋಗುತ್ತದೆಂದು ಮಾವ ಉಪ್ಪು ಹಿಡಿದು ಹೊರಟರೆ ಅತ್ತೆ ಅಡ್ಡ ನಿಲ್ಲುತ್ತಿದ್ದರು.

"ಬಸವಣ್ಣನ ಹೆಸರು ಇಟ್ಕೊಂಡಾವ. ಉಪ್ಪು ಹಾಕಿದ್ರ ನಾ ಊಟ ಬಿಡ್ತೇನಿ."

ಮಾವ ವಕೀಲರ ಬಳಿ ಗುಮಾಸ್ತರು, ಸುಲಭಕ್ಕೆ ಬಿಡುವವರಲ್ಲ. ಒಂದು ದಿನ ಚಿಪ್ಪಿಲ್ಲದ ಹುಳವೊಂದನ್ನು ಕಡ್ಡಿಯಲ್ಲಿ ಎತ್ತಿ ತಂದರು. "ನೋಡು, ಇದಕ್ಕ ಬೆನ್ನಮ್ಯಾಲೆ ಮನೀನ ಇಲ್ಲ. ಇದು ಬಸವನ ಹುಳ ಅಲ್ಲ. ಇದಕ್ಕರೆ ಹಾಕ್ಲೇನು?"

ಅತ್ತೆ ಬಗ್ಗಿ ನೋಡಿ ಕೈ ಮುಗಿದರು. "ಮನಿ ಇಲ್ಲದ ಅಡ್ಡಾಡತೈತಿ ಅಂದ್ರ ಜಂಗಮ ಅಲ್ಲೇನ್ರಿ? ಮೊದಲ ಎಲಿಮ್ಯಾಲೆ ಬಿಡ್ರಿ."

ಅಂದಿನಿಂದ ಚಿಪ್ಪಿದ್ದವು ಶರಣರು, ಇಲ್ಲದವು ಜಂಗಮರು. ಮಾವ ಅಂಗಡಿಯ ಎಲೆ ತಿನ್ನುವ ಬಡ ಭಕ್ತ.

ಮುಂದೆ ಅತ್ತೆಯ ಮಗಳು ಗಿರಿಜೆಯ ನಿಶ್ಚಿತಾರ್ಥ ಬಂತು. ಬೀಗರ ತಟ್ಟೆಗೆ ತವರಿನ ಬಳ್ಳಿಯ ಎಲೆಯೇ ಆಗಬೇಕೆಂದು ಅತ್ತೆಯ ಹಟ. ಸರಿಯಾದ ಎಲೆ ಹುಡುಕಿ ಹುಡುಕಿ ನನ್ನ ಕಣ್ಣು ತೂತಾದವು. ಆದರೂ ತಟ್ಟೆ ಮುಂದಿಟ್ಟಾಗ ಹುಡುಗನ ಅಜ್ಜಿ ಒಂದು ಎಲೆಯನ್ನು ಬೆಳಕಿಗೆ ಹಿಡಿದರು. ನಡುವೆ ದುಂಡನೆಯ ತೂತು, ತೂತಿನೊಳಗೆ ಅಜ್ಜಿಯ ಕಣ್ಣು. ಶುಭಕಾರ್ಯಕ್ಕೆ ತೂತಿನ ಎಲೆ! ಹುಡುಗ ಗಿರಿಜೆಯ ಮನಸ್ಸಿಗೆ ತುಂಬ ಬಂದಿದ್ದ. ಅವಳ ಮುಖ ಬಿಳಿಚಿಕೊಂಡಿತು.

"ಹುಳಕ್ಕ ಏನೂ ಹಾಕೂದಿಲ್ಲೇನ್ರಿ ನೀವು?" ಎಂದರು ಅಜ್ಜಿ.

ಅತ್ತೆ ಇದ್ದದ್ದನ್ನೆಲ್ಲ ಹೇಳಿಬಿಟ್ಟರು, ಜಂಗಮರ ಸಮೇತ. ಮಾವ ನೆಲ ನೋಡಿದರು.

ಅಜ್ಜಿ ಆ ಎಲೆಯನ್ನೇ ಮಡಿಚಿ ಬಾಯಿಗಿಟ್ಟುಕೊಂಡರು. "ಹುಳಕ್ಕ ಉಪ್ಪು ಹಾಕದಾಕಿ ಮಗಳು ನನ್ನ ಗಂಜಿಗೂ ಏನೂ ಹಾಕೂದಿಲ್ಲ ಬಿಡ್ರಿ. ಸಕ್ಕರಿ ಹಂಚ್ರಿ."

ಇದನ್ನೆಲ್ಲ ನೆನೆದು ಒಬ್ಬನೇ ನಗುತ್ತ ಬೀಜ, ಔಷಧ ಮಾರುವ ಅಂಗಡಿಗೆ ಹೋದೆ.

"ಯಾವ ಹುಳಕ್ಕ ಬೇಕ್ರಿ ಸರ?" ಎಂದು ಅಂಗಡಿಯವರು ಕೇಳಿದರು.

ಹೆಸರು ಹೇಳಬೇಕಲ್ಲ! ಬಾಯಿ ತೆರೆದೆ, ಹೆಸರು ಹೊರಗೆ ಬರಲೊಲ್ಲದು. ಹಿಂದೆ ಜನ ಕಾಯುತ್ತಿದ್ದರು.

"ಪಾಲಕ ಬೀಜ ಕೊಡ್ರಿ," ಎಂದೆ.

ಮನೆಯಲ್ಲಿ ಹೆಂಡತಿ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಹಾಕಿದ್ರ ಹುಳ ಸಾಯ್ತಾವೇನ್ರಿ?"

"ಇಲ್ಲ, ಪಾಲಕ ತಿಂದು ಎಲಿಬಳ್ಳಿ ನಮಗ ಬಿಡ್ತಾವ," ಎಂದೆ.