ಯಾರೂ ಓದಿ ಹೇಳದ ಸಾಲು

ಹುಲ್ಲಹಳ್ಳಿ ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತಿದ್ದ ಮುದುಕಿಯೊಬ್ಬರು ಲ್ಯಾಮಿನೇಟ್ ಮಾಡಿಸಿದ ಕಾಗದವೊಂದನ್ನು ನನ್ನ ಕೈಗಿಟ್ಟರು. “ಪಿಂಚಣಿ ಆರ್ಡ್ರು ಕಣವ್ವ. ಬ್ಯಾಂಕ್‌ನೋರು ಏನೂ ಬಂದಿಲ್ಲ ಅಂತಾರೆ. ಒಸಿ ಓದವ್ವ.”

ಜೋರಾಗಿಯೇ ಓದತೊಡಗಿದೆ. ಅದು ಮಂಜೂರಾತಿ ಪತ್ರವಾಗಿರಲಿಲ್ಲ. ‘ದುಡಿಯುವ ಮಗನಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ’ ಎಂದಿತ್ತು.

“ಮಗ ಸತ್ತು ಎರಡು ವರ್ಸ ಆಯ್ತಲ್ಲ” ಎಂದರು ಅವರು, ಮೆಲ್ಲಗೆ.

ಕೆಳಗೆ ಇನ್ನೊಂದು ಸಾಲಿತ್ತು. ಒಪ್ಪಿಗೆಯಿಲ್ಲದಿದ್ದರೆ ಮೂವತ್ತು ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಕಾಗದ ಬಂದು ಆಗಲೇ ಎಂಟು ತಿಂಗಳಾಗಿತ್ತು. ಅದನ್ನೂ ಹೇಳಿದೆ. “ಅವತ್ತೇ ಯಾರಾರ ಯೋಳಿದ್ರೆ ಓಗ್ತಿದ್ನಲ್ಲವ್ವ” ಎಂದರು.

ತಡವಾದದ್ದನ್ನು ಮನ್ನಿಸಬೇಕೆಂದು ಕೇಳಿ ಅಲ್ಲೇ ಮೇಲ್ಮನವಿ ಬರೆದುಕೊಟ್ಟೆ. ಮಗನ ಮರಣ ಪ್ರಮಾಣಪತ್ರವನ್ನೂ ಜೊತೆಗಿಡಲು ಹೇಳಿದೆ. ಮುಂದೊಂದು ದಿನ ಅದೇ ನಿಲ್ದಾಣದಲ್ಲಿ ಸಿಕ್ಕಾಗ ಹೊಸ ಕಾಗದ ಚಾಚಿದರು. ‘ಅವಧಿ ಮೀರಿದೆ’ ಎಂದು ಅದೂ ತಿರಸ್ಕೃತವಾಗಿತ್ತು.

ನಾನು ಬೇರೊಂದು ಊರಿನಲ್ಲಿ, ಇಂಥದೇ ಕಾಗದ ಕಳಿಸುವ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಮೇಲ್ಮನವಿಯ ಆ ಸಾಲನ್ನು ಅದೆಷ್ಟು ಜನರ ಕಾಗದದಲ್ಲಿ ಟೈಪ್ ಮಾಡಿದ್ದೇನೋ. ಒಬ್ಬರಿಗಾದರೂ ಓದಿ ಹೇಳಿದ ನೆನಪಿಲ್ಲ.